ಸುಬೇದಾರರಿಗೆ ಕೊಟ್ಟ ವೋಟು

ಬಸ್ಸು ಕೆಟ್ಟು ನಿಲ್ಲಬಹುದು, ಚೀಲ ಕಳುವಾಗಬಹುದು, ಹೊಟ್ಟೆ ಕೈಕೊಡಬಹುದು, ಎಚ್.ಡಿ. ಕೋಟೆ ದಾರಿಯಲ್ಲಿ ಆನೆ ಅಡ್ಡ ಬರಬಹುದು. ಭೇರ್ಯ ಬಿಡುವಾಗಲೇ ಇಷ್ಟನ್ನೂ ಚಿಂತಿಸಿ ಮುಗಿಸಿದ್ದೆ. ಹುಣಸೂರಿನವರೆಗೆ ಒಂದೂ ಆಗಲಿಲ್ಲ.

ಬಸ್ ಬದಲಿಸುವ ಮುನ್ನ ನಿಲ್ದಾಣದ ಪಕ್ಕದ ಟೀ ಅಂಗಡಿಗೆ ಹೋದೆ. ಸೈನ್ಯದಿಂದ ನಿವೃತ್ತರಾಗಿ ಲೋಕಸಭೆಗೆ ಪಕ್ಷೇತರರಾಗಿ ನಿಂತ ಸುಬೇದಾರರೊಬ್ಬರು ಅಲ್ಲಿ ಒಬ್ಬರೇ ಕರಪತ್ರ ಹಂಚುತ್ತಿದ್ದರು. ನನಗೂ ಒಂದು ಕೊಟ್ಟರು.

ಬೆಂಚಿನ ಮೇಲಿದ್ದವನೊಬ್ಬ ತನಗೆ ಕೊಟ್ಟದ್ದನ್ನು ಓದದೆ ಅದರಲ್ಲೇ ಬೋಂಡದ ಎಣ್ಣೆ ಒರೆಸಿಕೊಂಡ. "ಇದೆಲ್ಲಾ ಯಾಕ್ ಸಾರ್? ಮಿಲ್ಟ್ರಿ ಕ್ಯಾಂಟೀನ್ ರಮ್ಮು ತನ್ನಿ. ನಮ್ ಬೀದಿ ವೋಟೆಲ್ಲಾ ನಿಮ್ದೇ ಕಣ್ರೀ."

"ಬೆಳಿಗ್ಗೆಯಿಂದ ಎಲ್ರೂ ಅದ್ನೇ ಕೇಳ್ತಾವ್ರೆ," ಎಂದರು ಸುಬೇದಾರರು. "ವೋಟ್ ಆಕ್ತೀನಿ ಅಂತ ಒಬ್ರೂ ಅನ್ನಲಿಲ್ಲ."

ಹಾಡಹಗಲೇ, ಹಲ್ಲು ಬಿಟ್ಟುಕೊಂಡು ಕೇಳುವ ಮಾತೇ ಇದು? ಹಾಲಿನವನಿಗೂ ಎದುರಾಡದ ನಾನು ಎದ್ದು ನಿಂತೆ. "ಗಡಿ ಕಾದು ಬಂದವರ ಹತ್ರ ಬಾಟ್ಲಿ ಕೇಳ್ತೀರಲ್ರೀ, ನಾಚಿಕೆ ಆಗಲ್ವಾ? ಇವರು ನಿಂತಿರೋದು ದಿಲ್ಲಿಗೆ ಹೋಗೋಕೆ, ನಿಮಗೆ ಹೆಂಡ ಹೊರೋಕಲ್ಲ. ನನ್ನ ವೋಟು ಇವರಿಗೇ."

ಸುಬೇದಾರರು ನನ್ನ ಕೈ ಹಿಡಿದುಕೊಂಡರು. "ಯಾವೂರು ಸಾರ್ ತಮ್ದು?"

"ಭೇರ್ಯ."

ಟೀಯವನು ಲೋಟ ತೊಳೆಯುವುದನ್ನು ನಿಲ್ಲಿಸಿದ. "ಭೇರ್ಯ ಮಂಡ್ಯ ಕ್ಷೇತ್ರಕ್ಕೆ ಸೇರ್ತದೆ ಕಣ್ ಸಾರ್. ಇವ್ರು ನಿಂತಿರೋದು ಮೈಸೂರಿಗೆ."

ಬೆಂಚಿಗೆ ಬೆಂಚೇ ನಕ್ಕಿತು. ಸುಬೇದಾರರು ನಗಲಿಲ್ಲ. ನನ್ನ ಕೈಯಲ್ಲಿದ್ದ ಕರಪತ್ರವನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು, ಮಡಿಕೆ ಸರಿಮಾಡಿ, ಕಟ್ಟಿನೊಳಗೆ ಸೇರಿಸಿದರು.