ಟೆಂಟಿನವರಿಗೆ ಬರೆದುಕೊಟ್ಟ ಚೀಟಿ

ನಮ್ಮ ಹಂಸಭಾವಿಗೆ ಟೆಂಟ್ ಸಿನೆಮಾ ಬಂದರೆ ಒಂದು ಪದ್ಧತಿ ಇತ್ತು. ಮೊದಲ ದಿನದ ಸಂಜೆಯ ಆಟವನ್ನು ಹೈಸ್ಕೂಲಿನ ಮಾಸ್ತರರೊಬ್ಬರು ಮುಂದಿನ ಕುರ್ಚಿಯಲ್ಲಿ ಕೂತು ಪುಕ್ಕಟೆ ನೋಡಿ, ಮಕ್ಕಳಿಗೆ ಇದು ಆಗುತ್ತದೋ ಇಲ್ಲವೋ ಎಂದು ಚೀಟಿ ಬರೆದುಕೊಡುತ್ತಿದ್ದರು. ಮರುದಿನ ಟೆಂಟಿನವರು ಚಕ್ಕಡಿಗೆ ಸ್ಪೀಕರ್ ಕಟ್ಟಿ ಆ ಚೀಟಿಯನ್ನು ಊರ ತುಂಬ ಓದುತ್ತಿದ್ದರು.

ಎಪ್ಪತ್ತರ ದಶಕದ ಕೊನೆ. ನಾನು ಹತ್ತನೆಯ ಇಯತ್ತೆ, ತಮ್ಮ ಎಂಟನೆಯದು. ವಾರಪತ್ರಿಕೆಯೊಂದರ ಚಿತ್ರಕಥೆಯೆಂದರೆ ಅವನಿಗೆ ಜೀವ. ಅಣ್ಣನನ್ನು ಕೊಂದವರನ್ನು ಹುಡುಗಿಯೊಬ್ಬಳು ಕುಡುಗೋಲು ಹಿಡಿದು ಹುಡುಕುವ ಕಥೆ. ಪುಟಗಳನ್ನು ಕತ್ತರಿಸಿ ಹಳೆಯ ನೋಟ್‌ಬುಕ್ಕಿಗೆ ಅಂಟಿಸಿಟ್ಟಿದ್ದ. ಅದೇ ಕಥೆ ಸಿನೆಮಾ ಆಗಿ, ಸವಣೂರು, ಹಾನಗಲ್ಲು ಮುಗಿಸಿಕೊಂಡು ನಮ್ಮೂರಿಗೆ ಬಂತು. ನಮ್ಮ ಮಾಸ್ತರರು ನೋಡಿದರು. ‘ಹೊಡೆದಾಟ ವಿಪರೀತ, ಮಕ್ಕಳು ನೋಡಕೂಡದು’ ಎಂದು ಬರೆದರು.

ತಮ್ಮ ಕೇಳುವವನೇ? ಅಪ್ಪನ ಪಟಕಾ ತಲೆಗೆ ಸುತ್ತಿಕೊಂಡು ದೊಡ್ಡವರ ನಡುವೆ ನುಸುಳಿ ನೋಡಿ ಬಂದ. ಯಾರೋ ಚಾಡಿ ಹೇಳಿದರು. ಮರುದಿನ ಪ್ರಾರ್ಥನೆಯ ಹೊತ್ತಿಗೆ ಮಾಸ್ತರರು ಅವನನ್ನು ಸಾಲಿನಿಂದ ಹೊರಗೆಳೆದರು.

“ಹೊಡದಾಟ ನೋಡಾಕ ಹೋಗಿದ್ದೇನಲೇ? ತಗೋ, ಇಲ್ಲೇ ನೋಡು” ಎನ್ನುತ್ತ ಎಡಗಿವಿಯ ಮೇಲೆ ಬಾರಿಸಿದರು. ಒಂದಲ್ಲ, ಎರಡಲ್ಲ, ಅವರ ಕೈ ಸೋಲುವ ತನಕ. ರಕ್ತ ಇಳಿದು ಅಂಗಿಯ ಕಾಲರ್ ನೆನೆಯಿತು. ಆ ಕಿವಿ ಮತ್ತೆ ಕೇಳಲಿಲ್ಲ.

ಅಪ್ಪ ಏನು ಮಾಡಿದ ಗೊತ್ತೇ? ಮಗನನ್ನು ಕರೆದೊಯ್ದು ಅದೇ ಮಾಸ್ತರರ ಕಾಲಿಗೆ ಬೀಳಿಸಿ, “ತಪ್ಪಾತ್ರಿ ಸರ” ಅಂದ. ಅವ್ವ ಮಾತ್ರ ರೊಟ್ಟಿ ಬಡಿಯುತ್ತ, “ಹೇಳೂದು ಶಾಸ್ತ್ರ, ತಿನ್ನೂದು ಬದನಿಕಾಯಿ” ಅಂದು ಸುಮ್ಮನಾದಳು. ನಾನು ಸುಮ್ಮನಾಗಲಿಲ್ಲ. ಈ ಮನುಷ್ಯ ಊರ ಮುಂದೆ ತಲೆ ತಗ್ಗಿಸುವುದನ್ನು ನೋಡಿಯೇ ಸಾಯುತ್ತೇನೆ ಎಂದು ಅಂದೇ ಗಂಟು ಹಾಕಿಕೊಂಡೆ.

ಹಾವಿನ ಹಗೆ ಹನ್ನೆರಡು ವರ್ಷ ಅನ್ನುತ್ತಾರೆ. ನನ್ನದು ಒಂಬತ್ತಕ್ಕೇ ಕೈಗೆ ಬಂತು. ಆಗ ನಾನು ಅದೇ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಬಾಯೋರಾಗಿದ್ದೆ. ಮಾಸ್ತರರು ನಿವೃತ್ತರಾಗಿದ್ದರು. ಚೀಟಿ ಬರೆಯುವ ಕೆಲಸ ಯಾರಿಗೂ ಬೇಡವಾಗಿ ನನ್ನ ಪಾಲಿಗೆ ಬಂದಿತ್ತು. ಅದೇ ಸಿನೆಮಾ, ಗೀರು ಬಿದ್ದ ಹಳೆಯ ರೀಲು, ಮತ್ತೆ ಟೆಂಟಿಗೆ ಬಂತು. ನಾನೇ ಮನೆಗೆ ಹೋಗಿ ಕರೆದೆ: “ನೀವೂ ಬರ್ರಿ ಸರ, ನಿಮಗ ತಿಳಿದಷ್ಟು ನಮಗೆಲ್ಲಿ ತಿಳೀತೈತಿ?” ಇಸ್ತ್ರಿ ಮಾಡಿದ ಧೋತರ ಉಟ್ಟು ಬಂದರು.

ಸಿನೆಮಾ ಮಕ್ಕಳಿಗೆ ಸರಿಯೋ ತಪ್ಪೋ ಎಂದು ನಾನು ಒಂದು ಕ್ಷಣವೂ ಯೋಚಿಸಲಿಲ್ಲ, ಸುಳ್ಳೇಕೆ ಹೇಳಲಿ. ನಾನು ನೋಡುತ್ತಿದ್ದದ್ದು ಮಾಸ್ತರರ ಮುಖವನ್ನು. ಪರದೆಯ ಮೇಲೆ ಹುಡುಗನೊಬ್ಬನನ್ನು ಕಂಬಕ್ಕೆ ಕಟ್ಟಿ ಹೊಡೆಯುವಾಗ ಅವರು ಶಲ್ಯದಿಂದ ಕಣ್ಣು ಮುಚ್ಚಿಕೊಂಡರು.

“ಏನ್ ಹೊಡ್ತರಿ ಇದು. ಹುಡುಗೂರಿಗೆ ಬ್ಯಾಡ ಬಾಯೋರ.”

“ನನ್ನ ತಮ್ಮನ ಕಿವಿಗೆ ಬಿದ್ದದ್ದು ಇದಕ್ಕಿಂತ ಕಮ್ಮಿ ಇತ್ತೇನ್ರಿ ಸರ?”

ಮಾಸ್ತರರು ನನ್ನ ಕಡೆ ತಿರುಗಿದರು. ನಾನು ಯಾರ ಅಕ್ಕ ಎಂಬುದು ಅವರಿಗೆ ಗೊತ್ತಿತ್ತು.

“ಯಾವ ಕಿವಿ?” ಅಂದರು.

ನಟನೆಯಲ್ಲ. ನಿಜವಾಗಿಯೂ ಮರೆತಿದ್ದರು. ನನ್ನ ಮೈಯೆಲ್ಲ ಉರಿಯಿತು. ಅಲ್ಲೇ ಚೀಟಿಯನ್ನು ಟೆಂಟಿನ ಬೆಳಕಿಗೆ ಹಿಡಿದು ಬರೆದೆ: ‘ಮಕ್ಕಳು ನೋಡಬಹುದು. ಒಬ್ಬ ಹುಡುಗನ ಕಿವಿ ಹಾಳು ಮಾಡಿದ ಮಾಸ್ತರರು ಮಾತ್ರ ತಪ್ಪದೇ ನೋಡಬೇಕು.’

ಮರುದಿನ ಚಕ್ಕಡಿ ಅವರ ಓಣಿಗೇ ಮೊದಲು ಹೋಗುವಂತೆ ಹೇಳಿದ್ದೆ. ನಾನೂ ತಮ್ಮನೂ ಓಣಿಯ ತಿರುವಿನಲ್ಲಿ ನಿಂತಿದ್ದೆವು. ಸ್ಪೀಕರ್ ಎರಡು ಸಲ ಓದಿತು. ಓಣಿಯ ಜನ ಹೊರಗೆ ಬಂದರು. ಕಟ್ಟೆಯ ಮೇಲೆ ಕೂತಿದ್ದ ಮಾಸ್ತರರು ತಲೆ ತಗ್ಗಿಸಿ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನನಗೆ ಹಬ್ಬದೂಟ ಉಂಡಂತಾಯಿತು.

ತಮ್ಮನಿಗೆ ಆ ಗದ್ದಲದಲ್ಲಿ ಮಾತು ತಿಳಿಯಲಿಲ್ಲ. ಬಲಗಿವಿಯನ್ನು ನನ್ನ ಕಡೆ ತಿರುಗಿಸಿ, “ಏನಂತ ಒದರಾಕತ್ತಾರ ಅಕ್ಕ?” ಅಂದ. ನಾನು ಚೀಟಿಯಲ್ಲಿದ್ದದ್ದನ್ನು ಗಟ್ಟಿಯಾಗಿ ಹೇಳಿದೆ.

ಅವನು ಮುಚ್ಚಿದ ಬಾಗಿಲಿನ ಕಡೆ ನೋಡಿದ.

“ಅವರು ಆಗ್ಲೇ ನೋಡಿದ್ರಲ್ಲ ಅಕ್ಕ,” ಅಂದ. “ನೋಡಿ ಬಂದ ಮ್ಯಾಲೇ ನನ್ನ ಹೊಡದಿದ್ದು.”