ಅಕ್ಕನ ಟೈಪಿಂಗ್ ಮಣೆ

ಯುದ್ಧದ ಆ ವರ್ಷಗಳಲ್ಲಿ ದೇವನಹಳ್ಳಿಯ ನಮ್ಮ ಮನೆಯಲ್ಲಿ ಸೀಮೆಎಣ್ಣೆಗೂ ಸಕ್ಕರೆಗೂ ಬರ. ನನ್ನ ಬಾಯಿಗೆ ಮಾತ್ರ ಬರವಿರಲಿಲ್ಲ. ಹದಿನಾರರ ಮಗ್ಗಿಯನ್ನು ತಡವರಿಸದೆ ಎರಡು ಸಲ ಹೇಳಿದರೆ ಸರಿಯಾಗಿ ಒಂದು ನಿಮಿಷ. ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಟೈಪ್ ಮಾಡುತ್ತಿದ್ದ ಕರೀಂ ಸಾಹೇಬರು ತಮ್ಮ ಜೇಬಿನ ಗಡಿಯಾರ ಹಿಡಿದು ಅದನ್ನು ಪರೀಕ್ಷಿಸಿದ್ದರು. ಅಂದಿನಿಂದ ಮನೆಯ ಗಡಿಯಾರ ನಾನೇ.

ಅಕ್ಕ ಸಾಹೇಬರ ಹತ್ತಿರ ಟೈಪಿಂಗ್ ಕಲಿಯತೊಡಗಿ ತಿಂಗಳಾಗಿರಲಿಲ್ಲ, ಮಿಷನ್ ಕೆಟ್ಟು ಕೂತಿತು. ಯುದ್ಧದ ದೆಸೆಯಿಂದ ಬಿಡಿಭಾಗ ಸಿಗುತ್ತಿರಲಿಲ್ಲ. ಸಾಹೇಬರು ನಮ್ಮ ಊಟದ ಮಣೆಯೊಂದರ ಮೇಲೆ ಮಸಿಯಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಮಿಷನ್ನಿನಲ್ಲಿದ್ದ ಹಾಗೆಯೇ ಬರೆದುಕೊಟ್ಟರು.

"ಬೆರಳು ಕಲೀಲಿ ಬೇಟಿ. ಮಿಷನ್ ಆಮೇಲೆ ಸಿಗ್ತದೆ" ಅಂದರು.

ಅಕ್ಕನಿಗೆ ಆತುರವಿತ್ತು. ಬೂದಿಗೆರೆಯ ನಮ್ಮ ಸೋದರಮಾವನ ಹೆಂಡತಿ ಎರಡು ಎಳೆಮಕ್ಕಳನ್ನು ಬಿಟ್ಟು ತೀರಿಕೊಂಡಿದ್ದಳು. ಅಕ್ಕನನ್ನು ತನ್ನ ತಮ್ಮನಿಗೆ ಕೊಡಲೇಬೇಕೆಂದು ಅಮ್ಮನ ಹಟ. ಮಾವ ಕೆಟ್ಟವನೇನಲ್ಲ, ಬಂದಾಗಲೆಲ್ಲ ನನಗೆ ಕಡಲೆಮಿಠಾಯಿ ತರುತ್ತಿದ್ದ. ಆದರೆ ಅಕ್ಕನಿಗೆ ಬೇಡವಾಗಿತ್ತು.

"ಬೆಂಗ್ಳೂರಲ್ಲಿ ಕೆಲಸ ಸಿಕ್ಕಿದ್ರೆ ನಾನು ಬೇಡ ಅಂತೀನಿ ಕಣಮ್ಮ. ಇಲ್ದಿದ್ರೆ ಏನಂತ ಬಾಯಿ ಬಿಡ್ಲಿ?" ಎಂದಿದ್ದರು ಅಪ್ಪ.

ದಿನಾ ಮಧ್ಯಾಹ್ನ, ಕೈಯಲ್ಲಿ ಸೊಪ್ಪಿನ ಸಾರಿನ ವಾಸನೆ ಇರುವಾಗಲೇ, ಚಕ್ಕೋತದ ಮರದ ಕೆಳಗೆ ಮಣೆ ಹಾಕುತ್ತಿದ್ದೆವು. ನಾನು ಮಗ್ಗಿ ಹೇಳಬೇಕು, ಅವಳು ಹಳೇ ಇಂಗ್ಲಿಷ್ ಪೇಪರು ನೋಡಿಕೊಂಡು ಮಣೆ ಬಡಿಯಬೇಕು. ಮಗ್ಗಿ ಮುಗಿದ ಕೂಡಲೇ ಕೇಳುತ್ತಿದ್ದಳು, "ಎಷ್ಟಾಯ್ತೇ?" ಪೇಪರಿನಲ್ಲಿ ಅವಳು ಮುಟ್ಟಿದ್ದ ಜಾಗದವರೆಗೆ ನಾನು ಪದ ಎಣಿಸುತ್ತಿದ್ದೆ. ಇಪ್ಪತ್ತು ಮೂವತ್ತಾಯಿತು, ಮಳೆಗಾಲ ಮುಗಿಯುವಷ್ಟರಲ್ಲಿ ನಲವತ್ತಾಯಿತು. ಕೆಲಸಕ್ಕೆ ಬೇಕಿದ್ದದ್ದೂ ನಲವತ್ತೇ. ಅವಳ ಉಗುರು ನೋಯಬಾರದೆಂದು ಚಕ್ಕೋತ ನಾನೇ ಸುಲಿದು ತೊಳೆ ಬಾಯಿಗಿಡುತ್ತಿದ್ದೆ.

ಕೆಲಸದ ಪರೀಕ್ಷೆಯ ದಿನ ಸಣ್ಣ ರೈಲಿನಲ್ಲಿ ಅಕ್ಕ, ಅಪ್ಪನ ಜೊತೆ ನಾನೂ ಬೆಂಗಳೂರಿಗೆ ಹೋದೆ. ಗಾಜಿನ ಕಿಟಕಿಯಾಚೆ ನಿಂತು ನೋಡಿದೆ. ಅಕ್ಕ ಎಲ್ಲರಿಗಿಂತ ಜೋರಾಗಿ ಶುರುಮಾಡಿದಳು. ಸಾಲು ಮುಗಿಯುತ್ತ ಬಂದಾಗ ಮಿಷನ್ ಟಿಣ್ ಅಂದಿತು. ಆಗ ಎಡಗೈಯಿಂದ ಪಕ್ಕದ ಹಿಡಿ ತಳ್ಳಿ ಹೊಸ ಸಾಲಿಗೆ ಬರಬೇಕು. ಸಾಹೇಬರು ಮೊದಲ ದಿನವೇ ಹೇಳಿಕೊಟ್ಟಿದ್ದರು. ಆದರೆ ನಮ್ಮ ಮಣೆಗೆ ಗಂಟೆಯೂ ಇರಲಿಲ್ಲ, ಸಾಲಿನ ಕೊನೆಯೂ ಇರಲಿಲ್ಲ. ಬೆರಳುಗಳು ಓಡುತ್ತಲೇ ಹೋಗಿ ಮಿಷನ್ ಕಚ್ಚಿಕೊಂಡಿತು. ಗಾಬರಿಯಲ್ಲಿ ಹಿಡಿ ಹುಡುಕಿದಳು, ಮತ್ತೆ ಶುರುಮಾಡಿದಳು, ಮುಂದಿನ ಸಾಲಿಗೂ ಅದೇ ಗತಿ. ಅಕ್ಕಪಕ್ಕದವರೆಲ್ಲ ಸಲೀಸಾಗಿ ತಳ್ಳುತ್ತಿದ್ದರು. "ಅಕ್ಕಾ, ಎಡಗೈ" ಎಂದೆ. ಗಾಜು ದಾಟಿ ಹೋಗಲಿಲ್ಲ.

ನಲವತ್ತು ಮುಟ್ಟದೆ ಕೆಲಸ ಕೈತಪ್ಪಿತು. ಸಂಕ್ರಾಂತಿ ಕಳೆದ ಮೇಲೆ ಅಕ್ಕ ಬೂದಿಗೆರೆಯ ಮನೆ ತುಂಬಿದಳು.

ಮುಂದಿನ ವರ್ಷ ನಾನು ಅಲ್ಲಿಗೆ ಹೋದಾಗ ಮಾವನ ಚಿಕ್ಕ ಮಗುವನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ತಟ್ಟಿ ಮಲಗಿಸುತ್ತಿದ್ದಳು. ಬೆರಳುಗಳು ಅದರ ಬೆನ್ನಿನ ಮೇಲೆ ಒಂದೊಂದಾಗಿ ಓಡುತ್ತಿದ್ದವು. ಸ್ವಲ್ಪ ಹೊತ್ತಿಗೆ ಎಡಗೈ ತಾನಾಗಿ ಮೇಲೆದ್ದು, ಗಾಳಿಯಲ್ಲಿ ಏನನ್ನೋ ತಳ್ಳಿ, ಮತ್ತೆ ಬೆನ್ನಿಗೆ ಬಂತು. ಒಂದು ಸಾಲಿಗೂ ತಪ್ಪಲಿಲ್ಲ. ನಾನು ಎದ್ದು ಹಿತ್ತಲಿಗೆ ಹೋಗಿ ಅತ್ತೆ.

ಈಗ ಮೊಮ್ಮಗಳ ಫೋನಿನಲ್ಲಿ ಸಾಲು ಮುಗಿದರೆ ತಾನೇ ಕೆಳಗಿಳಿಯುತ್ತದೆ, ವೇಗವನ್ನೂ ಅದೇ ಹೇಳುತ್ತದೆ. ಹದಿನಾರರ ಮಗ್ಗಿ ನನಗೆ ಇನ್ನೂ ತಡವರಿಸದೆ ಬರುತ್ತದೆ. ಎರಡು ಸಲ ಹೇಳಿ ಮುಗಿಸುತ್ತೇನೆ. ಎಷ್ಟಾಯ್ತೇ ಎಂದು ಯಾರೂ ಕೇಳುವುದಿಲ್ಲ.