ಕಾಳಾಚಾರ್ರ ಕಂಚಿನ ಮೆಕ್ಕೆಜೋಳ

…ಇಲ್ಲ, ಸುಟ್ಟಿದ್ದು ಎಡಹುಬ್ಬೇ ಇರಬೇಕು. ಬಲಗಡೆಯದು ಅಂತ ಅವ್ವ ಹೇಳುತ್ತಾಳೆ. ಕುಲುಮೆಯ ಝಳಕ್ಕೆ ಹೋದ ಹುಬ್ಬು ಮತ್ತೆ ಬರಲಿಲ್ಲ. ಹಾಗಾಗಿ ಹರಪನಹಳ್ಳಿಯ ಕಾಳಾಚಾರ್ರು ಅರ್ಧ ಮುಖದಲ್ಲಿ ಏನನ್ನೋ ಕೇಳುತ್ತ, ಇನ್ನರ್ಧದಲ್ಲಿ ನಮ್ಮ ಉತ್ತರವನ್ನು ನಂಬದೆ ನಿಂತಂತೆ ಕಾಣುತ್ತಿದ್ದರು. ಈ ಹೋಲಿಕೆ ನಾನು ಆಮೇಲೆ ಕಟ್ಟಿದ್ದೂ ಇರಬಹುದು.

ಸುತ್ತಲಿನ ಊರಮ್ಮಗಳ ಕಂಚಿನ ಮುಖಗಳನ್ನು ಎರೆದವರು ಅವರು. ಕೈತೋಟಕ್ಕೆ ನೀರು ಉಕ್ಕುವ ಒಂದು ಬೋಗುಣಿ ಮಾಡಿಕೊಡಿ ಎಂದು ಕೇಳಿದೆ.

"ಬೋಗುಣಿ ಪ್ಯಾಟ್ಯಾಗ ಸಿಗ್ತೈತಿ, ತಮ್ಮಾ. ನಾ ಬ್ಯಾರೆ ಮಾಡ್ತೀನಿ."

ಬೇಲಿಯಾಚೆಯ ಹೊಲದಿಂದ ಮೆಕ್ಕೆಜೋಳದ ದಂಟೊಂದನ್ನು ಕಿತ್ತು ತಂದು, ಸುಳಿಗೆ ಚೊಂಬಿನಿಂದ ನೀರು ಬಿಟ್ಟರು. ನೀರು ಎಲೆಯಿಂದ ಎಲೆಗೆ ಜಾರುತ್ತ ಇಳಿಯಿತು. ಇದನ್ನೇ ಕಂಚಿನಲ್ಲಿ ಎರೆಯುತ್ತೇನೆ ಎಂದರು.

"ಇಷ್ಟು ವರ್ಷ ನಾ ಮಾಡಿದ್ದನ್ನ ಯಾರರ ನೋಡ್ಯಾರೇನು? ಕಣ್ಣು ಮುಚ್ಚಿ ಕೈ ಮುಗೀತಾರ. ಉಳಿದದ್ದನ್ನ ಕುಂಕುಮ, ಸೀರಿ ಮುಚ್ಚತಾವು. ಒಂದರ ಬರೇ ನೋಡಾಕ ಇರಲಿ."

ಮೇಣದಲ್ಲಿ ಎಲೆ ತಿದ್ದಿ, ಅದರ ಮೇಲೆ ಅಚ್ಚಿಗೆಂದು ಹುತ್ತದ ಮಣ್ಣು ಮೆತ್ತಿದರು. ಆದರೆ ಕಾಳಾಚಾರ್ರು ಕುಲುಮೆ ಹೂಡಿದರೆಂದರೆ ಊರಮ್ಮನ ಮುಖವೇ ಎಂದು ಓಣಿಯ ಹೆಂಗಸರ ನಂಬಿಕೆ. ಕರಗುವ ಕಂಚಿಗೆ ತಮ್ಮದೂ ಒಂದು ಚೂರು ಸೇರಿಸುವುದು ಪದ್ಧತಿ. ಅವರು ತಿರುಗಿ ನೋಡುವಷ್ಟರಲ್ಲಿ ಮುರಿದ ಕಾಲುಂಗುರ, ಗಿಲೀಟು ಬಳೆ ಮೂಸೆಗೆ ಬಿದ್ದಿದ್ದವು.

"ಇದು ದ್ಯಾವ್ರಲ್ಲಬೇ, ಮೆಕ್ಕಿಜೋಳ!" ಎಂದು ಆಚಾರ್ರು ಕಿರುಚಿದರು.

"ಮೆಕ್ಕಿಜೋಳದಾಗೂ ತಾಯಿ ಅದಾಳ. ನೀ ಸುಮ್ಕಿರು," ಎಂದಳು ಎದುರು ಮನೆಯ ಮುದುಕಿ.

ಕಂಚು ಕಲಬೆರಕೆಯಾಗಿ ಎಲೆಗಳು ತೂತು ಬಿದ್ದು ಬಂದವು. ಆಚಾರ್ರು ಸುತ್ತಿಗೆಯಿಂದ ಅವನ್ನು ಒಡೆದು, ಬೇರೆ ಕಂಚು ತರಿಸಿ, ಬಾಗಿಲು ಹಾಕಿಕೊಂಡು ಮತ್ತೆ ಎರೆದರು. ಈ ಸಲ ನೀರು ಎಲೆಯ ಬೆನ್ನಿಗಂಟಿ ಹಿಂದಕ್ಕೆ ಹರಿಯಿತು. ತುದಿಗಳನ್ನು ಅರದಿಂದ ಉಜ್ಜಿದರು, ನೀರು ಬಿಟ್ಟು ನೋಡಿದರು, ಬೈದರು, ಮತ್ತೆ ಉಜ್ಜಿದರು. ಎಷ್ಟು ದಿನವೋ. ನನ್ನ ನೆನಪಿನಲ್ಲಿ ಅದೆಲ್ಲ ಒಂದೇ ಮಧ್ಯಾಹ್ನ.

ಕೊನೆಗೆ ನಮ್ಮ ಕೈತೋಟದಲ್ಲಿ ನೀರು ಅವರು ಹೇಳಿದ ದಾರಿಯಲ್ಲೇ ಇಳಿಯಿತು. ಅಷ್ಟರಲ್ಲಿ ಅವ್ವ ಕುಂಕುಮದ ತಾಟು ಹಿಡಿದು ಬಂದಳು. ಆಚಾರ್ರು ಅಡ್ಡ ನಿಂತರು.

"ಯವ್ವಾ, ತಾಟು ಕೆಳಗಿಡ್ರಿ. ಮೊದ್ಲು ನೋಡ್ರಿ."

ಅವ್ವ ತಾಟು ಇಟ್ಟು ನಿಂತಳು. ಆಚಾರ್ರು ಕಂಚನ್ನು ನೋಡಲಿಲ್ಲ, ಅವ್ವನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಅರಗಳನ್ನು ಚೀಲಕ್ಕೆ ಹಾಕಿಕೊಂಡು, "ಬರ್ತೀನ್ರಿ," ಎಂದು ಹೊರಟರು. ಮತ್ತೆ ಭೇಟಿಯಾಗಲಿಲ್ಲ, ಆ ಬೇಸಿಗೆಯಲ್ಲೇ ತೀರಿಕೊಂಡರು.

ಅವ್ವನನ್ನು ಎಷ್ಟೋ ಸಲ ಕೇಳಿದ್ದೇನೆ. "ನಾ ನೋಡಿದ್ನೋ, ಮನಸಿನ್ಯಾಗ ಕೈ ಮುಗಿದ್ನೋ, ಯಾರಿಗೆ ನೆನಪೈತಿ?" ಎನ್ನುತ್ತಾಳೆ. ನಾನು ಅವಳ ಬೆನ್ನ ಹಿಂದಿದ್ದೆ. ಆಚಾರ್ರಿಗೆ ಆ ಮುಖದಲ್ಲಿ ಏನು ಕಂಡಿತೋ ನನಗೆ ಗೊತ್ತಿಲ್ಲ.